ನನ್ನ ಬಲಗೈ ಮತ್ತು ಭಂಕೂರದ ಕಲ್ಲು

ಮೂರೂವರೆ ಬೆರಳಿನ ಕಾಯಿಲೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ನಗಲಿ, ನನ್ನದೇನೂ ಅಭ್ಯಂತರವಿಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಪೂರ್ತಿ, ಉಂಗುರಬೆರಳಿನಲ್ಲಿ ಅರ್ಧ. ಅದೇ ಬೆರಳಿನ ಈ ಮಗ್ಗುಲು ಮುಟ್ಟಿದರೆ ಗೊತ್ತಾಗುತ್ತಿತ್ತು, ಆ ಮಗ್ಗುಲು ಮುಟ್ಟಿದರೆ ಬೇರೆ ಯಾರದೋ ಬೆರಳು. ಮಣಿಕಟ್ಟಿನೊಳಗೆ ಒಂದು ನರ ಇಕ್ಕಟ್ಟಿಗೆ ಸಿಕ್ಕರೆ ಹೀಗಾಗುತ್ತದಂತೆ. ಕಾಯಿಲೆಯ ಹೆಸರು ಉದ್ದ ಇದೆ, ಅದನ್ನು ಡಾಕ್ಟರಿಗೇ ಬಿಡೋಣ. ಕೈ ಜೋಮು ಹಿಡಿದು, ಏನಾಗಿದೆಯೋ ಎಂದು ಹೆದರಿ, ಯಾರಿಗೂ ಹೇಳದೆ ಕೂತವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಾನೂ ಹಾಗೆ ಕೂತಿದ್ದವಳೇ ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಚಿತ್ತಾಪುರದ ಕೋರ್ಟಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಬೆಳಿಗ್ಗೆ ವಕೀಲರ ಕೆಲಸ, ಸಂಜೆ ಹುಡುಗಿಯರಿಗೆ ಕನ್ನಡ ಟೈಪಿಂಗ್ ಕ್ಲಾಸು. ನಾನು ಕಲಿತದ್ದು ಸೇಡಂನಲ್ಲಿ, ಕಬ್ಬಿಣದ ಟೈಪ್‌ರೈಟರ್ ಮೇಲೆ. ಆ ಯಂತ್ರದಲ್ಲಿ ಬಲವಾಗಿ ಬಾರಿಸಿದರಷ್ಟೇ ಅಕ್ಷರ ಮೂಡುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ನನ್ನ ಕೈಗೆ ಆ ಸುದ್ದಿ ತಲುಪಲಿಲ್ಲ, ಹಾಗೆಯೇ ಬಾರಿಸುತ್ತಾ ಬಂದೆ. ಪಕ್ಕದ ಚಹಾದಂಗಡಿಯವನು ಸದ್ದು ಕೇಳಿಯೇ ನಾನು ಬಂದಿದ್ದೇನೆಂದು ತಿಳಿದು ಚಹಾ ಕಳಿಸುತ್ತಿದ್ದ. ಕಣ್ಣು ಕಾಗದದ ಮೇಲಿರಬೇಕು, ಬೆರಳು ತಾನಾಗಿ ಅಕ್ಷರ ಹುಡುಕಬೇಕು ಎನ್ನುವುದು ನನ್ನ ಪಾಠ. ಕೀಬೋರ್ಡ್ ನೋಡಿಕೊಂಡು ಹೊಡೆಯುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಎಷ್ಟು ಹುಡುಗಿಯರ ಕಣ್ಣಿಗೆ ಕರವಸ್ತ್ರ ಕಟ್ಟಿ ಕೂರಿಸಿದ್ದೇನೋ ನೆನಪಿಲ್ಲ.

ಮೊದಲು ಬೆಳಗಿನ ಹೊತ್ತು ಕೈ ಜೋಮು ಹಿಡಿಯತೊಡಗಿತು. ಜಾಡಿಸಿದರೆ ಹೋಗುತ್ತಿತ್ತು. ಆಮೇಲೆ ಜಾಡಿಸಿದರೂ ಹೋಗದಾಯಿತು. ರೊಟ್ಟಿ ಬಡಿಯುವಾಗ ಹಿಟ್ಟಿನ ಅಂಚು ಕೈಗೆ ತಿಳಿಯದೆ ರೊಟ್ಟಿ ಹರಿಯುತ್ತಿತ್ತು. ಒಮ್ಮೆ ಚಹಾದ ಲೋಟ ಕೈಯಿಂದ ಜಾರಿತು, ಲೋಟ ತೊಳೆಯದ್ದಕ್ಕೆ ಜಾರಿತೆಂದು ಆ ಚಹಾದಂಗಡಿಯವನಿಗೇ ಬೈದೆ. ಹೀಗೆ ಕಂಡಕಂಡವರ ಮೇಲೆ ತಪ್ಪು ಹಾಕುತ್ತಾ ಎರಡು ತಿಂಗಳು ದಬ್ಬಿದೆ.

ಸಿಕ್ಕಿಬಿದ್ದದ್ದು ಒಂದು ಪ್ರಮಾಣಪತ್ರದಲ್ಲಿ. ಕೀಬೋರ್ಡಿನಲ್ಲಿ ತೋರುಬೆರಳು ಕೂರುವ ಕಡೆ ಸಣ್ಣದೊಂದು ಉಬ್ಬು ಇರುತ್ತದೆ, ಅದನ್ನು ಮುಟ್ಟಿಯೇ ನಾವು ಕೈಯ ಜಾಗ ಹಿಡಿಯುವುದು. ಅವತ್ತು ಬಲ ತೋರುಬೆರಳಿಗೆ ಆ ಉಬ್ಬು ಹತ್ತಲಿಲ್ಲ. ಕೈ ಒಂದು ಕೀ ಆಚೆ ಕೂತಿದೆ, ನನಗೆ ಗೊತ್ತಿಲ್ಲ. ಎರಡು ಪುಟ ಹೊಡೆದು ಮುಗಿಸಿ ವಕೀಲರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಮೇಡಂ, ಇದು ಯಾವ ಭಾಷಾರಿ?" ಎಂದರು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ಬಾಗಿಲು ಅರ್ಧ ಎಳೆದುಕೊಂಡು ಅತ್ತೆ. ನನಗೆ ಬರುವ ವಿದ್ಯೆ ಅದೊಂದೇ, ಅದು ಇರುವುದು ಆ ಬೆರಳ ತುದಿಗಳಲ್ಲಿ. ಅವೇ ಕೈಬಿಟ್ಟರೆ ನಾನು ಯಾರು ಎಂದು ಹೆದರಿಕೆಯಾಯಿತು.

ಅವತ್ತು ಮನೆಯಲ್ಲಿ ಹೇಳಿದೆ. ನನ್ನ ಅತ್ತೆ ಹತ್ತಿ ಬಿಡಿಸುತ್ತಾ ಕೂತಿದ್ದವರು ಎದ್ದು ಬಂದು ನನ್ನ ಗದ್ದ ಹಿಡಿದರು.

"ಕೈ ಜೋಮು ಹಿಡಿತದ ಅಂದ್ರ ಲಕ್ವಾನೇ ಅದು. ಮಾರಿ ಸೊಟ್ಟ ಆಗ್ಯಾದೇನ ನೋಡ್ತೀನಿ, ಜರಾ ನಗು."

"ನನಗ ನಗು ಬರಾಕತ್ತಿಲ್ಲ ಅತ್ತಿ."

"ಬರದಿದ್ರೂ ನಗು. ಬಾಯಿ ನೋಡಬೇಕು ನಾ."

ಕಣ್ಣಲ್ಲಿ ನೀರು ಇಟ್ಟುಕೊಂಡು ಹಲ್ಲು ಕಿರಿದೆ. ಅತ್ತೆ ಎಡದಿಂದ ನೋಡಿದರು, ಬಲದಿಂದ ನೋಡಿದರು. ಬಾಯಿ ನೆಟ್ಟಗಿದೆ ಎಂದು ತೀರ್ಮಾನಿಸಿದ ಮೇಲೂ ಒಂದು ವಾರ ದಿನಕ್ಕೆ ಎರಡು ಸಲ ನನ್ನನ್ನು ನಗಿಸಿ ಪರೀಕ್ಷೆ ಮಾಡಿದರು. ಆ ವಾರ ನಮ್ಮ ಮನೆಗೆ ಬಂದವರು ಇವಳಿಗೆ ಏನೋ ಶುಭ ಸುದ್ದಿ ಇರಬೇಕೆಂದುಕೊಂಡರು. ನಮ್ಮ ಮನೆಯವರು ವಾಡಿಯ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅವರದು ಮಾತು ಕಮ್ಮಿ. ನನ್ನ ಕೈಯನ್ನು ಕೆಟ್ಟ ಫೋನು ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿದರು, ಮರುದಿನ ಅಂಗಡಿ ಮುಚ್ಚಿ ಕಲಬುರಗಿಗೆ ಕರೆದುಕೊಂಡು ಹೋದರು.

ನರದ ಡಾಕ್ಟರ ದವಾಖಾನೆಯಲ್ಲಿ ಕುರ್ಚಿಗಿಂತ ಜನ ಹೆಚ್ಚು. ಟೋಕನ್ ಕೂಗುವ ಹುಡುಗಿ ಹೆಸರನ್ನು ಅರ್ಧ ಮಾತ್ರ ಕೂಗುತ್ತಿದ್ದಳು, ಹಾಗಾಗಿ "ಶಾಂತ" ಎಂದಾಗ ಶಾಂತಾ ಆದ ನಾನೂ ಎದ್ದೆ, ಶಾಂತಪ್ಪನೊಬ್ಬನೂ ಎದ್ದ. ನನ್ನ ಪಕ್ಕ ಕೂತಿದ್ದ ದಪ್ಪನೆಯ ಹೆಂಗಸು ಎರಡೂ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು. ಸುಲೇಪೇಟದ ಗುರಮ್ಮ, ಜೋಳದ ರೊಟ್ಟಿ ಮಾಡಿ ಮಾರುವವಳು.

"ನಿಂದು ಯಾವ ಕೈ ಯವ್ವಾ?" ಎಂದು ಕೇಳಿದಳು.

"ಬಲಗೈ."

"ನನ್ನವು ಎರಡೂ. ಸಣ್ಣಾಕಿ ಇದ್ದಾಗಿಂದ ರೊಟ್ಟಿ ಬಡಿಲಿಕತ್ತೀನಿ. ನೀ ಏನ್ ಬಡಿತಿ?"

"ನಾ ಅಕ್ಷರ ಬಡಿತೀನಿ."

ಆಕೆ ಜೋರಾಗಿ ನಕ್ಕಳು. ಅಷ್ಟು ಜನರ ನಡುವೆ, ಅಷ್ಟು ಹೆದರಿಕೆಯ ನಡುವೆ ಆ ನಗು ನನಗೆ ಎಷ್ಟು ಹಿತವಾಯಿತೆಂದರೆ ಆಕೆಯ ತೋಳಿಗೆ ಒರಗಿ ಕೂತೆ. ಒಳಗೆ ಕೈಗೆ ಕರೆಂಟ್ ಕೊಟ್ಟು ಪರೀಕ್ಷೆ ಮಾಡುತ್ತಾರೆಂದು ಕೇಳಿ ನನ್ನ ಜೀವ ಬಾಯಿಗೆ ಬಂದಿತ್ತು. ಗುರಮ್ಮ ಒಮ್ಮೆ ಮಾಡಿಸಿಕೊಂಡವಳು.

"ಅಂಜಬ್ಯಾಡ. ಎಮ್ಮಿ ಬಾಲಲೇ ಹೊಡದಂಗ ಆಗ್ತದ, ಅಷ್ಟ. ಬೆರಳು ಹಾರ್ತದ, ನೀ ಹಾರಬ್ಯಾಡ," ಎಂದಳು.

ಬೆರಳು ಹಾರಿತು. ನಾನೂ ಒಂದಿಷ್ಟು ಹಾರಿದೆ. ಡಾಕ್ಟರು ನಮ್ಮ ಕಡೆಯವರೇ, ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಣ್ಣುಮಗಳು. ನಿಮ್ಮ ಕೆಲಸ ಹೇಗೆ ಮಾಡುತ್ತೀರೋ ಇಲ್ಲೇ ಮಾಡಿ ತೋರಿಸಿ ಎಂದು ತಮ್ಮ ಕೀಬೋರ್ಡನ್ನು ನನ್ನ ಮುಂದೆ ಸರಿಸಿದರು. ನಾನು ಹೊಡೆದೆ. ಮೇಜಿನ ಮೇಲಿದ್ದ ಪೆನ್ನುಗಳು ಕುಣಿದವು.

"ನಿಮ್ಮ ಕಿರುಬೆರಳು ಎಲ್ಲಿಗಿ ಹೊಂಟದ್ರಿ?" ಎಂದು ಕೇಳಿದರು.

ನೋಡಿದೆ. ನನಗೇ ಗೊತ್ತಿಲ್ಲದೆ ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗಾಗಿ, ಕಿರುಬೆರಳು ಮೂಲೆಯ ಶಿಫ್ಟ್ ಕೀಗೆ ಚಾಚಿಕೊಂಡಿತ್ತು. ಎಷ್ಟೋ ವರ್ಷದಿಂದ ದಿನಕ್ಕೆ ಸಾವಿರಾರು ಸಲ ಹೀಗೆ ಚಾಚಿದೆ. ತಪ್ಪು ಮಾಡಿದ್ದು ಕಿರುಬೆರಳು, ಜೋಮು ಹಿಡಿದದ್ದು ಉಳಿದವಕ್ಕೆ. ಕಿರುಬೆರಳು ಮಾತ್ರ ಗುಂಡುಕಲ್ಲಿನ ಹಾಗೆ ಆರೋಗ್ಯವಾಗಿತ್ತು.

"ನರ ಸತ್ತಿಲ್ಲ, ಅದುಮಿ ಹೋಗ್ಯಾದ," ಎಂದರು ಡಾಕ್ಟರು. "ಪಟ್ಟಿ ಕಟ್ಟಿಕೊಳ್ರಿ. ಬಲಗೈಗಿ ಕೆಲಸ ಕಮ್ಮಿ ಮಾಡ್ರಿ, ಕೈ ಸೊಟ್ಟ ಮಾಡಿ ಹೊಡೆಯೋದು ಬಿಡ್ರಿ. ಮೂರು ತಿಂಗಳು ನೋಡೋಣ. ಬೆರಳಿಗಿ ಸ್ಪರ್ಶ ತಿರುಗಿ ಬರಲಿಲ್ಲ ಅಂದ್ರ ಆಪರೇಷನ್ ಮಾಡಬೇಕಾಗ್ತದ. ಅದರ ಮ್ಯಾಲೂ ಪೂರ್ತಿ ಬರ್ತದಂತ ನಾ ಖಾತ್ರಿ ಕೊಡಲ್ಲ."

ವಾಪಸು ಬಸ್ಸು ಹಿಡಿದೆವು. ಕಿಟಕಿಯಾಚೆ ಬರುವ ಬೋರ್ಡುಗಳನ್ನು ಓದುತ್ತಾ ನಾನು ತೊಡೆಯ ಮೇಲೆ ಎಡಗೈ ಬೆರಳಲ್ಲಿ ಅವನ್ನೇ ಬಡಿಯುತ್ತಿದ್ದೆ, ಚಟ. ಕನ್ನಡ ಹೊಡೆಯುವಾಗ ದೀರ್ಘಕ್ಕೆ, ಸೊನ್ನೆಗೆ, ಶಕಾರ ಳಕಾರಗಳಿಗೆ ಶಿಫ್ಟ್ ಒತ್ತಬೇಕು. ಒತ್ತಕ್ಷರಕ್ಕೆ ಬೇರೆ ಒಂದು ಕೀ. ಶಹಾಬಾದ ಎಂದು ಹೊಡೆಯಲು ಮೂರು ಶಿಫ್ಟ್, ಚಿಂಚೋಳಿಗೂ ಮೂರು, ಸೇಡಂಗೆ ಎರಡು. ವಾಡಿಯವರಿಗೆ ಒಂದೇ, ಪುಣ್ಯವಂತರು. ಇಷ್ಟೆಲ್ಲ ಭಾರ ಹೊರುವುದು ಮೂಲೆಯ ಬಡ ಕಿರುಬೆರಳು. ಕೈಯಲ್ಲೇ ಗಟ್ಟಿಗರಾದ ಹೆಬ್ಬೆರಳುಗಳು ಮಾತ್ರ ಮದುವೆ ಮನೆಯ ಅಳಿಯಂದಿರ ಹಾಗೆ ನಡುವಿನ ಒಂದು ಉದ್ದ ಕೀ ಮೇಲೆ ಆರಾಮಾಗಿ ಕೂತಿರುತ್ತವೆ. ಇವರಿಗೆ ಯಾಕೆ ಕೆಲಸ ಹಚ್ಚಬಾರದು ಎಂದು ಗಂಡನನ್ನು ಕೇಳಿದೆ.

"ಅಂಥಾ ಕೀಬೋರ್ಡ್ ಮಾಡ್ಕೋತಾರ ಕೆಲವರು," ಎಂದರು ಅವರು. "ನಾ ಫೋನಿನ್ಯಾಗ ನೋಡೀನಿ. ನಡಕ ಸೀಳಿ ಎರಡು ತುಂಡು ಮಾಡ್ತಾರ, ಭುಜದ ಅಗಲಕ್ಕ ಇಟ್ಕೋತಾರ. ಕೈ ನೆಟ್ಟಗ ಇರ್ತದ."

"ಹಂಗಾದ್ರ ಮಾಡೋಣ ಬರ್ರಿ," ಎಂದೆ. ಆ ಒಂದು ಮಾತಿನಿಂದಲೇ ಎದೆ ಅರ್ಧ ಹಗುರಾಯಿತು.

ಕೈಗೆ ಸರಿಯಾದ ಅಳತೆ ಬೇಕು. ಕಾಗದದ ಮೇಲೆ ಕೈಯಿಟ್ಟು ಗೆರೆ ಎಳೆದರೆ ಬೆರಳು ನೆಟ್ಟಗೆ ಚಾಚಿಕೊಳ್ಳುತ್ತದೆ, ಟೈಪ್ ಮಾಡುವಾಗ ಅದು ಬಾಗಿರುತ್ತದೆ. ಆಗ ನನ್ನ ಕಣ್ಣು ಹಿಟ್ಟಿನ ಮೇಲೆ ಬಿತ್ತು. ಜೋಳದ ಹಿಟ್ಟು ಬಿರುಕು ಬಿಟ್ಟಿತು, ಗೋಧಿ ಹಿಟ್ಟು ಬರೋಬರಿ ನಿಂತಿತು. ಗಟ್ಟಿಯಾಗಿ ಕಲಸಿ, ಎರಡು ತಟ್ಟೆಯಲ್ಲಿ ತಟ್ಟಿ, ಕಣ್ಣು ಮುಚ್ಚಿ, ಒಂದು ಜಮೀನು ತಕರಾರಿನ ಅರ್ಜಿಯನ್ನು ಪೂರ್ತಿ ಹಿಟ್ಟಿನ ಮೇಲೆ ಹೊಡೆದೆ. ಬೆರಳು ಎಲ್ಲೆಲ್ಲಿ ಬೀಳುತ್ತದೋ ಅಲ್ಲಲ್ಲಿ ಗುಳಿ ಬಿದ್ದವು.

"ತಿನ್ನೋ ಹಿಟ್ಟಿನ್ಯಾಗ ಕೋರ್ಟ್ ಕೆಲಸಾ ಮಾಡಾಕತ್ತೀಯಲ್ಲ," ಎಂದು ಅತ್ತೆ ತಲೆ ಚಚ್ಚಿಕೊಂಡರು. ಅಳತೆ ಮುಗಿದ ಮೇಲೆ ಅದೇ ಹಿಟ್ಟಿನ ಚಪಾತಿ ಮಾಡಿ ಬಡಿಸಿದರು, ಅದೂ ನನ್ನ ತಟ್ಟೆಗೇ.

ಕೀಬೋರ್ಡು ಸಣ್ಣದಿರಬೇಕು, ಯಾವ ಬೆರಳೂ ದೂರ ಓಡಬಾರದು. ಹಾಗಾಗಿ ಒಂದೊಂದು ಬೆರಳಿಗೆ ಮೂರು ಮೂರು ಕೀ, ಅಂಚಿನ ಬೆರಳಿಗೆ ಒಂದಷ್ಟು ಹೆಚ್ಚು. ಅಂಕಿಗಳ ಸಾಲು ಬೇಡವೇ ಬೇಡ, ಹೆಬ್ಬೆರಳಲ್ಲಿ ಒಂದು ಕೀ ಹಿಡಿದುಕೊಂಡರೆ ಅಕ್ಷರಗಳೇ ಅಂಕಿಗಳಾಗುವಂತೆ ಮಾಡಬಹುದು. ಹೀಗೆ ಶಿಫ್ಟ್, ಒತ್ತು, ಅಂಕಿ ಮೂರನ್ನೂ ಹೆಬ್ಬೆರಳಿಗೆ ಕೊಟ್ಟೆ. ಯಾವ ಹೆಬ್ಬೆರಳು? ಬಲಗೈಯದು. ಎಡಗೈಗೆ ಬರೀ ಸ್ಪೇಸ್.

"ಬಲಗೈಗಿ ಕೆಲಸ ಕಮ್ಮಿ ಮಾಡು ಅಂದಾರಲ್ಲ ಡಾಕ್ಟರು," ಎಂದರು ನಮ್ಮವರು. "ಎಡಗೈಗಿ ಯಾಕ ಕೊಡಬಾರದು?"

"ಎಡಗೈಗಿ ಏನ್ ತಿಳಿತದ್ರಿ? ಮುಖ್ಯ ಕೆಲಸ ಅದಕ್ಕ ಕೊಡಲಿಕ್ಕ ಆಗ್ತದೇನು?"

ಇಂಥ ಹೊತ್ತಿನಲ್ಲಿ ನನ್ನೊಡನೆ ವಾದ ಮಾಡಿ ಪ್ರಯೋಜನವಿಲ್ಲವೆಂದು ಅವರಿಗೆ ಮದುವೆಯಾದ ವರ್ಷವೇ ತಿಳಿದಿತ್ತು. ಸುಮ್ಮನೆ ಸ್ವಿಚ್ಚು ತರಿಸಿದರು. ಒಂದೊಂದು ಕೀಗೂ ಒಂದೊಂದು ಸ್ವಿಚ್ಚು, ಒಳಗೆ ಪುಟ್ಟ ಸ್ಪ್ರಿಂಗು. ಅರ್ಧ ಒತ್ತಿದರೇ ಅಕ್ಷರ ಬೀಳುತ್ತದೆ, ಹೊಡೆಯಬೇಕಿಲ್ಲ. ಇನ್ನು ಇವನ್ನು ಕೂರಿಸಲು ಚೌಕಟ್ಟು ಬೇಕು. ನನ್ನ ಕೈ ಬಿದ್ದರೆ ಹಗುರ ಪ್ಲಾಸ್ಟಿಕ್ಕು ಮೇಜಿನಿಂದಾಚೆ ಓಡುತ್ತದೆ. ಮನೆಯ ನೆಲ, ಅಟ್ಟ, ಬಟ್ಟೆ ಒಗೆಯುವ ಜಾಗ, ಕಟ್ಟೆ ಎಲ್ಲಕ್ಕೂ ಫರಸಿ ಕಲ್ಲೇ ಹಾಕುವ ಸೀಮೆಯಲ್ಲಿ ಹುಟ್ಟಿದವಳಿಗೆ ಬೇರೆ ಏನು ಹೊಳೆಯಬೇಕು? ಕಲ್ಲಿನಲ್ಲೇ ಮಾಡಿಸೋಣ ಎಂದೆ.

ಭಂಕೂರದ ಖಾಜಾ ಭಾಯಿ ಕಲ್ಲು ಕೊಯ್ದು ಪಾಲಿಶ್ ಮಾಡುವವರು. ಅವರ ಮಗಳು ನನ್ನ ಹತ್ತಿರ ಟೈಪಿಂಗ್ ಕಲಿತು ಪಾಸಾಗಿದ್ದಳು. ನನ್ನ ನಕ್ಷೆ ನೋಡಿ ಅವರು ಬಹಳ ಹೊತ್ತು ಗಡ್ಡ ನೀವಿಕೊಂಡರು.

"ಅಡಗಿ ಮನಿ ಕಟ್ಟಿಗಿ ಕಿಂಡಿ ಕೊಯ್ದೀನಿ, ದೇವ್ರ ಮನಿಗಿ ಕೊಯ್ದೀನಿ, ದರ್ಗಾಕ್ಕ ಕೊಯ್ದೀನಿ. ಬೆರಳಿಗಿ ಕೊಯ್ದಿಲ್ಲ ನೋಡ್ರಿ ಮೇಡಂ. ಕೊಯ್ಯೋಣ ಬಿಡ್ರಿ," ಎಂದರು.

ತೆಳ್ಳನೆಯ ಎರಡು ಫರಸಿ, ಪ್ರತಿ ಬೆರಳಿಗೆ ಒಂದು ಉದ್ದನೆಯ ಕಿಂಡಿ, ಹೆಬ್ಬೆರಳಿಗೆ ಓರೆಯಾಗಿ ಇನ್ನೊಂದು. ಹದಿನೈದು ದಿನಕ್ಕೆ ಸಿದ್ಧವಾಯಿತು. ಬೂದು ನೀಲಿ ಬಣ್ಣ, ಮುಖ ನೋಡಿಕೊಳ್ಳುವಷ್ಟು ನುಣುಪು. ಖುಷಿಯಿಂದ ಎರಡನ್ನೂ ಮೇಜಿನ ಮೇಲಿಟ್ಟು ಕೈಯಿಟ್ಟೆ. ಬಲಗೈಗೆ ಮಾಡಿಸಿದ್ದು ಬಲಗೈಗೆ ಕೂರಲಿಲ್ಲ. ಹೆಬ್ಬೆರಳಿನ ಕಿಂಡಿ ಕಿರುಬೆರಳ ಕಡೆಗಿತ್ತು. ಎಡಗೈಯದೂ ಹಾಗೆಯೇ.

ಆದದ್ದು ಇಷ್ಟು. ಖಾಜಾ ಭಾಯಿ ಪಾಲಿಶ್ ಆದ ಮುಖದ ಮೇಲೆ ಎಂದೂ ಗೆರೆ ಎಳೆಯುವವರಲ್ಲ. ಕಲ್ಲಿನ ಬೆನ್ನಿಗೆ ಗುರುತು ಹಾಕಿ, ಬೆನ್ನಿನಿಂದಲೇ ಕೊಯ್ದು, ಆಮೇಲೆ ಮಗುಚುವುದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ಚೌಕ ಫರಸಿಗೆ ಎಡಬಲ ಇರುವುದಿಲ್ಲ, ಮಗುಚಿದರೂ ಚೌಕವೇ. ನನ್ನ ಕೈಗೆ ಎಡಬಲ ಉಂಟು. ಮಗುಚಿದಾಗ ಬಲಗೈ ಎಡಗೈಯಾಗಿತ್ತು. ಹೆಬ್ಬೆರಳಿಗೆ ಮೂರು ಕೀ ಜಾಗವಿದ್ದ ಕಲ್ಲು ಈಗ ಎಡಗೈಯದು, ಒಂದೇ ಕೀ ಜಾಗವಿದ್ದದ್ದು ಬಲಗೈಯದು.

ನಾನು ಫೋನಿನಲ್ಲಿ ಖಾಜಾ ಭಾಯಿಗೆ ಬೈಯಬಾರದಿತ್ತು, ಬೈದೆ. ಅವರು ಸಮಾಧಾನವಾಗಿ ಕೇಳಿ, "ತಪ್ಪಾಗ್ಯಾದ್ರಿ ಮೇಡಂ. ಹೊಸಾದು ಕೊಯ್ದು ಕೊಡ್ತೀನಿ, ಒಂದು ತಿಂಗಳು ಬಿಡ್ರಿ. ಅಲ್ಲಿ ತನಕ ಇದ್ದದ್ರಾಗೇ ನಡಸ್ರಿ," ಎಂದರು. ಮೂರು ತಿಂಗಳಲ್ಲಿ ಒಂದೂವರೆ ಆಗಲೇ ಹೋಗಿತ್ತು. ನಡೆಸದೆ ಗತಿಯಿರಲಿಲ್ಲ. ನಮ್ಮವರು ಅದರಲ್ಲೇ ಸ್ವಿಚ್ಚು ಕೂರಿಸಿ, ಬಣ್ಣಬಣ್ಣದ ತಂತಿ ಬೆಸೆದು, ಶಿಫ್ಟ್, ಒತ್ತು, ಅಂಕಿ ಮೂರನ್ನೂ ಎಡ ಹೆಬ್ಬೆರಳಿಗೆ ಕೊಟ್ಟರು. ತಂತಿ ಬೆಸೆಯುವಾಗ ಮೀಸೆಯಡಿ ನಗುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಮೊದಲ ವಾರ ನನ್ನ ಮಾನ ಮೂರು ಕಾಸಿಗೆ ಹೋಯಿತು. ಎಡ ಹೆಬ್ಬೆರಳು ಹುಟ್ಟಿದಾಗಿನಿಂದ ದುಡಿದು ಗೊತ್ತಿಲ್ಲದ್ದು, ಶಿಫ್ಟ್ ಎಂದರೆ ಒತ್ತು ಕೊಡುತ್ತಿತ್ತು, ಒತ್ತು ಎಂದರೆ ಅಂಕಿ. ಪ್ರತಿವಾದಿಯ ಹೆಸರಿನ ನಡುವೆ ಒಂಬತ್ತು ಬರುತ್ತಿತ್ತು. ಕ್ಲಾಸಿನ ಹುಡುಗಿಯರು ನನಗಿಂತ ವೇಗವಾಗಿ ಹೊಡೆಯುತ್ತಿದ್ದರು. ಅವರಲ್ಲೊಬ್ಬಳು ತನ್ನ ಕರವಸ್ತ್ರ ತೆಗೆದು ಭಾರಿ ವಿನಯದಿಂದ, "ಕಣ್ಣಿಗಿ ಕಟ್ಟಲೇನ್ರಿ ಮೇಡಂ?" ಎಂದು ಕೇಳಿದಳು. ಕಟ್ಟಿಸಿಕೊಂಡೆ. ಕಲಿಸಿದ್ದೇ ನಾನು, ಕೇಳಿದ್ದರಲ್ಲಿ ತಪ್ಪೇನಿದೆ?

ಚಳಿ ಬಿದ್ದ ಮೇಲೆ ಕಲ್ಲು ಅಂಗೈಗೆ ತಣ್ಣಗೆ ಕೊರೆಯತೊಡಗಿತು. ಅತ್ತೆ ಕೇಳದೆಯೇ ಹಳೆ ಸೀರೆಯ ತುಂಡುಗಳಿಂದ ಎರಡು ಪುಟ್ಟ ಕೌದಿ ಹೊಲಿದು ಕಲ್ಲಿನ ಮುಂದೆ ಇಟ್ಟರು. ಒಂದು ಮಗುವಿಗೆ ಹೊದಿಸುವಷ್ಟು ಜತನದ ಹೊಲಿಗೆ. "ಕೂಸಿಗಿ ಹೊಲಿದಂಗ ಹೊಲ್ದೀನಿ, ಹೊಲಸು ಮಾಡಬ್ಯಾಡ," ಎಂದಷ್ಟೇ ಹೇಳಿ ಹೋದರು.

ಮೂರನೆಯ ವಾರದಲ್ಲಿ ಒಂದು ದಿನ ಸಂಜೆ ಅಂಗಡಿ ಮುಚ್ಚುವಾಗ ಗಮನಿಸಿದೆ. ಇಡೀ ದಿನ ಕೆಲಸ ಮಾಡಿದ್ದೆ, ಬಲ ಮಣಿಕಟ್ಟು ನೋಯುತ್ತಿರಲಿಲ್ಲ. ಬಲಗೈ ನೆಟ್ಟಗೆ, ಕೌದಿಯ ಮೇಲೆ ಒರಗಿ, ಹಬ್ಬಕ್ಕೆ ತವರಿಗೆ ಬಂದ ಮಗಳ ಹಾಗೆ ಕೂತಿತ್ತು. ನಾನು ಹಟ ಹಿಡಿದು ಬಲಗೈಗೇ ಹೊರಿಸಬೇಕೆಂದಿದ್ದ ಭಾರವನ್ನೆಲ್ಲ ಎಡಗೈ ತಗಾದೆಯಿಲ್ಲದೆ ಹೊತ್ತಿತ್ತು. ಖಾಜಾ ಭಾಯಿಗೆ ಫೋನು ಮಾಡಿ ಹೊಸ ಕಲ್ಲು ಬೇಡವೆಂದೆ. ಬೈದದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ನನಗೆ ಇದು ರೂಢಿಯಿಲ್ಲದ್ದರಿಂದ ಎರಡು ಸಲ ತೊದಲಿದೆ.

"ಕಲ್ಲು ನಿಮ್ಮಕಿಂತ ಶಾಣ್ಯಾ ಅದ ಬಿಡ್ರಿ," ಎಂದು ಅವರು ನಕ್ಕರು.

ಮೂರು ತಿಂಗಳಿಗೆ ಮತ್ತೆ ಕಲಬುರಗಿ. ಮತ್ತೆ ಟೋಕನ್, ಮತ್ತೆ ಎಮ್ಮೆಯ ಬಾಲ. ನೋವು ಇಳಿದಿದೆ, ನರದ ಇಕ್ಕಟ್ಟು ಕೊಂಚ ಸಡಿಲಾಗಿದೆ ಎಂದರು ಡಾಕ್ಟರು. ಹೆಬ್ಬೆರಳು, ತೋರುಬೆರಳು ಮಸುಕು ಮಸುಕಾಗಿ ಎಚ್ಚರಾಗಿದ್ದವು. ನಡುಬೆರಳು ಮಾತ್ರ ಇದ್ದಲ್ಲೇ ಇತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದಾಗ ಅವರು ಅದನ್ನು ಹತ್ತಿಯಿಂದ ಸವರಿದರಂತೆ, ನಾನು "ಯಾವಾಗ ಮುಟ್ಟತೀರಿ?" ಎಂದು ಕೇಳುತ್ತಿದ್ದೆ. ಇನ್ನೆರಡು ತಿಂಗಳು ಕಾಯೋಣ, ಆ ಬೆರಳು ಏಳದಿದ್ದರೆ ಆಪರೇಷನ್ ದಿನ ಗೊತ್ತು ಮಾಡೋಣ ಎಂದು ಚೀಟಿ ಬರೆದರು. ಹೊರಗೆ ಬಂದು ಗುರಮ್ಮನನ್ನು ಹುಡುಕಿದೆ, ಅವತ್ತು ಆಕೆ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಗೆದ್ದಿದ್ದೇನೆಂದು ಗಂಡ ಹೇಳುತ್ತಲೇ ಇದ್ದರು. ನನ್ನ ಮನಸ್ಸೆಲ್ಲ ಆ ಒಂದು ಬೆರಳಿನಲ್ಲಿತ್ತು. ದಿನವೂ ಅದನ್ನು ಬಿಸಿ ಲೋಟಕ್ಕೆ, ಬಾಗಿಲ ಮರಕ್ಕೆ, ಸೀರೆಯ ಜರಿಗೆ ತಾಗಿಸಿ ನೋಡುತ್ತಿದ್ದೆ. ಏನೂ ಇಲ್ಲ. ನೋಡುವುದನ್ನೇ ಬಿಟ್ಟುಬಿಟ್ಟೆ.

ಬಲಗೈ ಕಲ್ಲಿನ ಒಂದು ಮೂಲೆ ನನ್ನ ಬಳೆಗೆ ತಾಗುತ್ತಿತ್ತು. ಒಂದು ಭಾನುವಾರ ನಮ್ಮವರು ಅಂಗಡಿಗೆ ಬಂದು ಅರ ಹಿಡಿದು ಆ ಮೂಲೆ ತೀಡಿ, ಬಟ್ಟೆಯಿಂದ ಒರೆಸಿ ಇಟ್ಟರು. ಸೋಮವಾರಕ್ಕೆ ಕೊಡಬೇಕಾದ, ಅಣ್ಣತಮ್ಮಂದಿರ ಆಸ್ತಿ ಹಂಚಿಕೆಯ ವಾಟ್ನಿ ಕಾಗದವೊಂದಿತ್ತು, ನಾನು ಕೂತು ಹೊಡೆಯತೊಡಗಿದೆ. ನಾಲ್ಕು ಸಾಲು ಆಗಿರಬೇಕು, ಸಿಟ್ಟು ಬಂತು.

"ರೀ, ಬರೋಬರ್ ಒರಸಬಾರದೇನ್ರಿ? ಕೀ ಮ್ಯಾಲ ಕಲ್ಲಿನ ಪುಡಿ ಹಂಗೇ ಅದ. ಕೆಲಸ ಮಾಡಿದ್ರ ಪೂರಾ ಮಾಡಬೇಕು."

"ಒರಸೀನಲ್ಲ," ಎಂದು ಅವರು ಬಗ್ಗಿ ನೋಡಿದರು. "ಎಲ್ಲಿ ಅದ? ನನಗೇನೂ ಕಾಣವಲ್ದು."

"ಕಾಣಲ್ಲ, ಮರಳಿನಂಥಾ ಒಂದೇ ಹಳ್ಳು ಅದ. ಕೈಗಿ ಹತ್ತಾಕತ್ತದ."

"ಯಾವ ಬೆರಳಿಗಿ?"

ಮುಂದಿನ ಬೈಗುಳಕ್ಕೆ ಬಾಯಿ ತೆರೆದಿದ್ದೆ. ಕೆಳಗೆ ನೋಡಿದೆ, ಅಂಗಡಿಯಲ್ಲಿ ಕೂತು ಹೊಡೆಯುವಾಗ ಇಷ್ಟು ವರ್ಷದಲ್ಲಿ ಮೊದಲ ಸಲ ಕೀಬೋರ್ಡ್ ನೋಡಿದೆ. ಬಲಗೈಯ ನಡುಬೆರಳು. ಎತ್ತಿ ಮತ್ತೆ ಇಟ್ಟೆ. ಮೆಲ್ಲಗೆ ಹಿಂದೆ ಮುಂದೆ ಉರುಳಿಸಿದೆ. ಸಾಸಿವೆಗಿಂತ ಸಣ್ಣದು, ಒಂದು ಕಡೆ ಚೂಪು. ಚುಚ್ಚಿತು. ನಾನು ಅಳತೊಡಗಿದೆ. ಅವರು ಏನು ಮಾಡಬೇಕೋ ತಿಳಿಯದೆ ಒರೆಸುವ ಬಟ್ಟೆ ಹಿಡಿದುಕೊಂಡು ಬಂದರು.

ತಡೆದೆ. ಇನ್ನೊಂದಿಷ್ಟು ಹೊತ್ತು ಅದು ಅಲ್ಲೇ ಇರಲಿ ಎಂದೆ.